ಒಳಗಣ್ಣಿನ ಸಾಧನೆಯೂ ಮಾಟದ ಮಾತೂ

ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಕಾಲುದಾರಿಯ ಮೇಲೆ ಹರಡುವ ಹಳೆಯ ಪುಸ್ತಕಗಳ ನಡುವೆ ‘ವಿಕ್ಕಾ’ ಎಂಬ ಹೆಸರು ಹೊತ್ತ ಇಂಗ್ಲಿಷ್ ಹೊತ್ತಗೆಗಳು ಈಚಿನ ವರ್ಷಗಳಲ್ಲಿ ಆಗಾಗ ಕಾಣಸಿಗುತ್ತವೆ. ಮಾಟವನ್ನೇ ಮತವಾಗಿ ಸ್ವೀಕರಿಸಿದವರಿಗೆ ಕೈಪಿಡಿಗಳಾಗಿ ಬರೆದ ಪುಸ್ತಕಗಳಿವು. ಕುತೂಹಲದಿಂದ ಪುಟ ತಿರುವಿದವರಿಗೆ ಆಶ್ಚರ್ಯವೊಂದು ಕಾದಿರುತ್ತದೆ. ಮೊದಲ ಅಧ್ಯಾಯಗಳಲ್ಲಿ ಮಂತ್ರವೂ ಇಲ್ಲ, ಮೂಲಿಕೆಯೂ ಇಲ್ಲ. ಮೈಯನ್ನು ಸಡಿಲಗೊಳಿಸಿ ಕುಳಿತುಕೊಳ್ಳಿ, ಉಸಿರನ್ನು ಗಮನಿಸಿ, ಕಣ್ಣು ಮುಚ್ಚಿ ಒಂದು ಸೇಬನ್ನು ಮನಸ್ಸಿನಲ್ಲಿ ಕಾಣಿರಿ, ಅದನ್ನು ತಿರುಗಿಸಿ ನೋಡಿ ಎಂಬಂಥ ಅಭ್ಯಾಸಗಳಿವೆ. ಅಮೆರಿಕದ ಸ್ಟಾರ್‌ಹಾಕ್ 1979ರಲ್ಲಿ ಪ್ರಕಟಿಸಿದ ‘ದಿ ಸ್ಪೈರಲ್ ಡಾನ್ಸ್’ ಇಂಥ ಪುಸ್ತಕಗಳಲ್ಲಿ ಪ್ರಸಿದ್ಧವಾದುದು. ಮಾಟಕ್ಕೆ ಬೇಕಾದ ಒಳಗಿನ ಶಕ್ತಿಗಳನ್ನು ಅದು ನಾಲ್ಕಾಗಿ ಎಣಿಸುತ್ತದೆ: ಸಡಿಲಗೊಳ್ಳುವುದು, ಏಕಾಗ್ರತೆ, ಮನೋಚಿತ್ರಣ ಮತ್ತು ಒಳಗಿನ ಬಲವನ್ನು ಹೊರಕ್ಕೆ ಹರಿಸುವುದು.

ಈ ನಾಲ್ಕರಲ್ಲಿ ಮೊದಲ ಮೂರು ಕನ್ನಡಿಗರಿಗೆ ಹೊಸವಲ್ಲ. ಅವು ಎಲ್ಲಿಂದ ಹೊರಟು ಎಲ್ಲಿಗೆ ಹೋದವು, ನಾಲ್ಕನೆಯದು ಅವುಗಳ ಜೊತೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ. ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಏಕೆ ಅಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ವಿಕ್ಕಾ ಪಂಥವನ್ನು ಲೋಕದ ಮುಂದಿಟ್ಟವರು ಜೆರಾಲ್ಡ್ ಗಾರ್ಡ್ನರ್ (1884–1964). ಈ ಇಂಗ್ಲಿಷಿನವರು ತಮ್ಮ ದುಡಿಮೆಯ ಬದುಕನ್ನು ಹೆಚ್ಚಾಗಿ ಕಳೆದದ್ದು ಏಷ್ಯದಲ್ಲಿ. ಸಿಂಹಳದ ಚಹಾ ತೋಟಗಳಲ್ಲಿ, ಬೋರ್ನಿಯೊದಲ್ಲಿ, ಮಲಯದಲ್ಲಿ ಕೆಲಸ ಮಾಡಿ, ಕೊನೆಗೆ ಸುಂಕ ಇಲಾಖೆಯ ಅಧಿಕಾರಿಯಾಗಿ 1936ರಲ್ಲಿ ನಿವೃತ್ತರಾದರು. ಊರಿಗೆ ಮರಳಿದ ಮೇಲೆ, 1939ರಲ್ಲಿ, ನ್ಯೂ ಫಾರೆಸ್ಟ್ ಪ್ರದೇಶದ ಮಾಟಗಾತಿಯರ ಗುಂಪೊಂದು ತಮಗೆ ದೀಕ್ಷೆ ಕೊಟ್ಟಿತೆಂದು ಅವರು ಹೇಳಿಕೊಂಡರು. ಬ್ರಿಟನ್ನಿನ 1735ರ ಮಾಟದ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಗಾರ್ಡ್ನರರ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂದಿತು. ಯುರೋಪಿನಲ್ಲಿ ಸುಟ್ಟು, ನೇಣಿಗೇರಿಸಿ ಕೊಂದ ಮಾಟಗಾತಿಯರ ಪ್ರಾಚೀನ ಧರ್ಮವೇ ಗುಟ್ಟಾಗಿ ಉಳಿದು ಬಂದಿದೆ ಎಂಬುದು ಅದರ ವಾದ. ಈ ಊಹೆಯನ್ನು ಅವರಿಗೂ ಮುಂಚೆ, 1921ರಲ್ಲಿಯೇ, ಮಾರ್ಗರೆಟ್ ಮರ್‍ರೆ ಎಂಬ ವಿದುಷಿ ಮಂಡಿಸಿದ್ದರು.

ಇತಿಹಾಸಕಾರರು ಈ ವಾದವನ್ನು ಒಪ್ಪಲಿಲ್ಲ. 15ರಿಂದ 18ನೆಯ ಶತಮಾನದವರೆಗೆ ಯುರೋಪಿನಲ್ಲಿ ಮಾಟದ ಆರೋಪದ ಮೇಲೆ ಸತ್ತವರು ಸುಮಾರು 40,000ದಿಂದ 50,000 ಮಂದಿ ಎಂಬುದು ಇಂದಿನ ಅಂದಾಜು. ಅವರು ಯಾವ ಗುಪ್ತ ಧರ್ಮದ ಅನುಯಾಯಿಗಳೂ ಆಗಿರಲಿಲ್ಲ. ಬಹುಪಾಲು ಸಾಮಾನ್ಯ ಕ್ರೈಸ್ತ ಹಳ್ಳಿಗರು, ಹೆಚ್ಚಿನವರು ಹೆಂಗಸರು. ರೊನಾಲ್ಡ್ ಹಟನ್ ಎಂಬ ಇತಿಹಾಸಕಾರರು 1999ರಲ್ಲಿ ಪ್ರಕಟಿಸಿದ ‘ದಿ ಟ್ರಯಂಫ್ ಆಫ್ ದ ಮೂನ್’ ಗ್ರಂಥವು ವಿಕ್ಕಾ ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಪಂಥವೆಂದು ವಿವರವಾಗಿ ತೋರಿಸಿತು. ಹಾಗಾದರೆ ಆ ಒಳಗಣ್ಣಿನ ಅಭ್ಯಾಸಗಳು ಬಂದದ್ದು ಸುಟ್ಟುಹೋದ ಹೆಂಗಸರ ಅಡುಗೆಮನೆಯಿಂದಲ್ಲ. ಮತ್ತೆಲ್ಲಿಂದ?

ಇದಕ್ಕೆ ಉತ್ತರ ದೊರೆಯುವುದು 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಗೋಲ್ಡನ್ ಡಾನ್’ ಎಂಬ ಗುಪ್ತಸಂಘದಲ್ಲಿ. ವಿಕ್ಕಾದ ವಿಧಿಗಳಿಗೆ ಬೇಕಾದ ಸಾಮಗ್ರಿಯಲ್ಲಿ ಬಹಳಷ್ಟು ಈ ಸಂಘದ ಪರಂಪರೆಯಿಂದ ಇಳಿದು ಬಂದಿದೆ. ಆ ಹೊತ್ತಿಗೆ ಥಿಯಾಸಫಿಕಲ್ ಸೊಸೈಟಿ ಭಾರತಕ್ಕೆ ಬಂದು, 1882ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ನೆಲೆಯೂರಿತ್ತು. ಅದರ ‘ಥಿಯಾಸಫಿಸ್ಟ್’ ಪತ್ರಿಕೆಯಲ್ಲಿ ರಾಮಪ್ರಸಾದ ಎಂಬವರು ಪಂಚತತ್ತ್ವಗಳ ಕುರಿತು ಲೇಖನಗಳನ್ನು ಬರೆದರು; 1890ರ ಸುಮಾರಿಗೆ ಅವು ‘ನೇಚರ್ಸ್ ಫೈನರ್ ಫೋರ್ಸಸ್’ ಎಂಬ ಪುಸ್ತಕವಾದವು. ಶಿವ–ಪಾರ್ವತಿಯರ ಸಂವಾದ ರೂಪದ, ಶ್ವಾಸ ಮತ್ತು ತತ್ತ್ವಗಳನ್ನು ಕುರಿತ ‘ಶಿವಸ್ವರೋದಯ’ ಎಂಬ ಸಂಸ್ಕೃತ ಗ್ರಂಥದ ಅನುವಾದವೂ ಅದರೊಂದಿಗೆ ಇತ್ತು. ಗೋಲ್ಡನ್ ಡಾನ್ ಸಂಘದವರು ಈ ಪುಸ್ತಕದಿಂದ ಐದು ಆಕೃತಿಗಳನ್ನು ಎತ್ತಿಕೊಂಡರು: ಪೃಥ್ವಿಗೆ ಹಳದಿ ಚೌಕ, ಅಪ್ಪುವಿಗೆ ಬೆಳ್ಳಿಯ ಅರ್ಧಚಂದ್ರ, ತೇಜಸ್ಸಿಗೆ ಕೆಂಪು ತ್ರಿಕೋಣ, ವಾಯುವಿಗೆ ನೀಲಿ ವೃತ್ತ, ಆಕಾಶಕ್ಕೆ ಕಪ್ಪು ಅಂಡ. ಹೆಸರುಗಳನ್ನೂ ಸಂಸ್ಕೃತದಲ್ಲಿಯೇ ಉಳಿಸಿಕೊಂಡರು.

ಅವರ ಅಭ್ಯಾಸ ಹೀಗಿತ್ತು. ಬಣ್ಣದ ಕಾಗದದಲ್ಲಿ ಕತ್ತರಿಸಿದ ಕೆಂಪು ತ್ರಿಕೋಣವನ್ನು ಸಾಧಕನು ರೆಪ್ಪೆ ಬಡಿಯದೆ ನೋಡಬೇಕು. ಸ್ವಲ್ಪ ಹೊತ್ತಿನ ಮೇಲೆ ದೃಷ್ಟಿಯನ್ನು ಬಿಳಿಯ ಹಾಳೆಗೆ ಹೊರಳಿಸಿದರೆ ಅಲ್ಲಿ ಹಸಿರು ತ್ರಿಕೋಣವೊಂದು ತೇಲುತ್ತದೆ. ಕಣ್ಣು ಮುಚ್ಚಿ, ಆ ಆಕೃತಿಯನ್ನು ಬಾಗಿಲಿನಷ್ಟು ದೊಡ್ಡದಾಗಿ ಕಲ್ಪಿಸಿಕೊಂಡು ಅದರೊಳಗೆ ಹೊಕ್ಕಂತೆ ಭಾವಿಸಬೇಕು; ಆಮೇಲೆ ಕಂಡದ್ದನ್ನು ಹೇಳಬೇಕು. ಹಸಿರು ತ್ರಿಕೋಣ ಮೂಡುವುದರಲ್ಲಿ ಪವಾಡವೇನೂ ಇಲ್ಲ. ಕೆಂಪನ್ನು ಗ್ರಹಿಸುವ ಕಣ್ಣಿನ ಕೋಶಗಳು ದಣಿದಾಗ ಬಿಳುಪಿನಲ್ಲಿ ಕೆಂಪಿನ ಪಾಲು ಕಡಿಮೆಯಾಗಿ ತೋರುತ್ತದೆ, ಅಷ್ಟೆ. ಆದರೆ ಅದರ ಮುಂದಿನದು ಮನಸ್ಸಿನ ಕೆಲಸ. 1890ರಲ್ಲಿ ಈ ಸಂಘವನ್ನು ಸೇರಿದ ಐರಿಷ್ ಕವಿ ಡಬ್ಲ್ಯು. ಬಿ. ಯೇಟ್ಸ್ ತಮ್ಮ ಆತ್ಮಕಥನದಲ್ಲಿ ಇಂಥದೊಂದು ಪ್ರಸಂಗವನ್ನು ಬರೆದಿದ್ದಾರೆ. ಸಂಘದ ಮುಖಂಡ ಮ್ಯಾದರ್ಸ್ ಕೊಟ್ಟ ಚಿಹ್ನೆಯನ್ನು ಹಿಡಿದು ಕಣ್ಣು ಮುಚ್ಚಿದಾಗ ಅವರಿಗೆ ಮರುಭೂಮಿಯೂ ಹಾಳುಗಲ್ಲುಗಳ ನಡುವಿನಿಂದ ಏಳುತ್ತಿರುವ ಕಪ್ಪು ದೈತ್ಯನೂ ಕಂಡರಂತೆ. ಅದು ಅಗ್ನಿಯ ಚಿಹ್ನೆ, ಕಂಡದ್ದು ಅಗ್ನಿವರ್ಗದ ಜೀವಿ ಎಂದು ಮ್ಯಾದರ್ಸ್ ವಿವರಿಸಿದರು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಾಗಿ ನಾವು ಯೇಟ್ಸರ ಪ್ರತಿಮೆಗಳ ಮೂಲವನ್ನು ಐರ್ಲೆಂಡಿನ ಪುರಾಣಗಳಲ್ಲಿ ಹುಡುಕುತ್ತೇವೆ. ಅವರ ಒಳಗಣ್ಣನ್ನು ಪಳಗಿಸಿದ ಅಭ್ಯಾಸದ ಒಂದು ಎಳೆ ಶಿವ–ಪಾರ್ವತಿಯರ ಸಂವಾದಕ್ಕೆ ಸೇರುತ್ತದೆ ಎಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ.

ಈ ಎಳೆಯ ಇನ್ನೊಂದು ತುದಿ ನಮ್ಮ ಮನೆಗಳಲ್ಲಿಯೇ ಇದೆ. ಪೂಜೆಗೆ ಮುಂಚೆ ಮಾಡುವ ಭೂತಶುದ್ಧಿಯಲ್ಲಿ ಸಾಧಕನು ತನ್ನ ದೇಹದಲ್ಲಿ ಹಳದಿಯ ಚೌಕವಾಗಿ ಪೃಥ್ವಿಯನ್ನೂ ಬಿಳಿಯ ಅರ್ಧಚಂದ್ರವಾಗಿ ಜಲವನ್ನೂ ಕೆಂಪು ತ್ರಿಕೋಣವಾಗಿ ಅಗ್ನಿಯನ್ನೂ ಭಾವಿಸಿ, ಒಂದನ್ನು ಇನ್ನೊಂದರಲ್ಲಿ ಲಯಗೊಳಿಸುತ್ತಾನೆ. ವಾಯುವಿಗೆ ಸಾಮಾನ್ಯವಾಗಿ ಷಟ್ಕೋಣವನ್ನು ಹೇಳುತ್ತಾರೆ. ಲಂಡನ್ನಿನ ಸಂಘದವರು ಬಳಸಿದ್ದು ವೃತ್ತವನ್ನು. ಹಠಯೋಗದ ಗ್ರಂಥಗಳು ಕಣ್ಣೀರು ಬರುವ ತನಕ ಒಂದು ಸೂಕ್ಷ್ಮ ಲಕ್ಷ್ಯವನ್ನು ನೋಡುವ ತ್ರಾಟಕವನ್ನು ಶುದ್ಧಿಕ್ರಿಯೆಗಳಲ್ಲಿ ಒಂದಾಗಿ ಎಣಿಸುತ್ತವೆ. ಶರಣರ ಪರಂಪರೆಯಲ್ಲಿ ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು, ಅದರ ಕಪ್ಪು ಕಂತಿಯಲ್ಲಿ ನೋಟವನ್ನು ನೆಡುವ ಶಿವಯೋಗ ಇಂದಿಗೂ ಲಕ್ಷಾಂತರ ಮನೆಗಳಲ್ಲಿ ನಿತ್ಯದ ಆಚರಣೆ. ನೋಟ, ಉಸಿರು, ಭಾವನೆ ಈ ಮೂರನ್ನು ಒಂದೇ ಬಿಂದುವಿಗೆ ತರುವ ಶಿಸ್ತು ಎಲ್ಲೆಡೆಯೂ ಸಮಾನ.

ಹಾಗೆಂದು ನಮ್ಮದು ಪರಿಶುದ್ಧ, ಪಶ್ಚಿಮದವರು ಅದನ್ನು ಮಾಟವಾಗಿ ಕೆಡಿಸಿದರು ಎಂದು ಹೇಳಿಬಿಟ್ಟರೆ ಅದು ಇತಿಹಾಸವಾಗದು. ಶಿವಸ್ವರೋದಯವೇ ಯುದ್ಧಕ್ಕೆ ಯಾವ ಸ್ವರ, ಪ್ರಯಾಣಕ್ಕೆ ಯಾವ ಸ್ವರ ಎಂದು ಲೌಕಿಕ ಫಲಗಳನ್ನು ಹೇಳುತ್ತದೆ. ಮಾರಣ, ಉಚ್ಚಾಟನ, ವಶೀಕರಣ, ಸ್ತಂಭನ, ವಿದ್ವೇಷಣಗಳನ್ನು ಲೆಕ್ಕ ಹಾಕಿ ವಿಧಿಸಿದ ತಂತ್ರಗ್ರಂಥಗಳು ನಮ್ಮವೇ. ಅದಕ್ಕೆ ಹೋಲಿಸಿದರೆ, ಯಾರಿಗೂ ಕೇಡಾಗದಂತೆ ನಡೆದುಕೊಳ್ಳಬೇಕೆಂಬುದನ್ನು ವಿಕ್ಕಾ ತನ್ನ ನೀತಿಯಾಗಿ ಸಾರಿಕೊಂಡಿದೆ. ಆದ್ದರಿಂದ ಗೆರೆ ಎಳೆಯಬೇಕಾದದ್ದು ಪೂರ್ವ–ಪಶ್ಚಿಮಗಳ ನಡುವೆ ಅಲ್ಲ. ಮನಸ್ಸನ್ನು ಪಳಗಿಸುವುದು ಒಂದು. ಪಳಗಿದ ಮನಸ್ಸು ಇನ್ನೊಬ್ಬರ ಮೈಮೇಲೆ ನೇರವಾಗಿ ಕೆಲಸ ಮಾಡಬಲ್ಲದೆಂದು ನಂಬುವುದು ಇನ್ನೊಂದು. ಗೆರೆ ಇರುವುದು ಇವೆರಡರ ನಡುವೆ.

ಈ ಗೆರೆಯನ್ನು ನಮ್ಮ ಪರಂಪರೆ ಅರಿಯದೆ ಇರಲಿಲ್ಲ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದವು ಸಿದ್ಧಿಗಳನ್ನು ಪಟ್ಟಿಮಾಡಿ, ಸಮಾಧಿಗೆ ಅವು ಅಡ್ಡಿಯೆಂದು ಅಲ್ಲಿಯೇ ಎಚ್ಚರಿಸುತ್ತದೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನೂ ಗೋರಕ್ಷನೂ ಎದುರಾಗುವ ಸನ್ನಿವೇಶ ಇದಕ್ಕೆ ಕನ್ನಡದ ಅತ್ಯುತ್ತಮ ನಿದರ್ಶನ. ಸಾಧನೆಯಿಂದ ವಜ್ರದಂತಾದ ಗೋರಕ್ಷನ ಮೈಗೆ ಕತ್ತಿ ಬಿದ್ದಾಗ ಖಣಿಲೆಂಬ ಸದ್ದೇಳುತ್ತದೆ, ಕೂದಲೂ ಕೊಂಕುವುದಿಲ್ಲ. ಆತ ಅಲ್ಲಮನ ಮೇಲೆ ಕತ್ತಿ ಬೀಸಿದಾಗ ಬಯಲನ್ನು ಕಡಿದಂತಾಗುತ್ತದೆ. ಸದ್ದೂ ಇಲ್ಲ, ತಡೆಯೂ ಇಲ್ಲ. ದೇಹವನ್ನು ಗಟ್ಟಿ ಮಾಡಿಕೊಂಡವನಿಗೆ ಇನ್ನೂ ‘ನಾನು’ ಉಳಿದಿದೆ ಎಂಬುದು ಆ ಕಥೆಯ ಇಂಗಿತ. ಶಕ್ತಿಪ್ರದರ್ಶನವನ್ನು ಸಾಧನೆಯ ಗುರಿಯೆಂದು ಶರಣರು ಒಪ್ಪಲಿಲ್ಲ.

ಪ್ರದರ್ಶನವಾಗಿಯೂ ನಿರಪಾಯವಾದ ಮಾದರಿಯೊಂದು ತೆಲುಗು–ಕನ್ನಡಗಳೆರಡಕ್ಕೂ ಸೇರಿದೆ: ಅವಧಾನ. ತಿರುಪತಿ ವೆಂಕಟ ಕವಿಗಳೆಂದು ಹೆಸರಾದ ಜೋಡಿ ಅದನ್ನು ತೆಲುಗು ನಾಡಿನಲ್ಲಿ ಮನೆಮಾತಾಗಿಸಿತು. ಕನ್ನಡದಲ್ಲಿ ಶತಾವಧಾನಿ ಆರ್. ಗಣೇಶರು ಅದಕ್ಕೆ ಹೊಸ ಜೀವ ತುಂಬಿದರು. ಒಬ್ಬರು ಅಕ್ಷರವನ್ನು ನಿಷೇಧಿಸುತ್ತಾರೆ, ಇನ್ನೊಬ್ಬರು ಸಮಸ್ಯೆ ಒಡ್ಡುತ್ತಾರೆ, ಮತ್ತೊಬ್ಬರು ಅಪ್ರಸ್ತುತ ಪ್ರಸಂಗದಿಂದ ಚಿತ್ತ ಕದಡುತ್ತಾರೆ, ನಡುನಡುವೆ ಗಂಟೆ ಬಾರಿಸಿ ಎಣಿಕೆ ಕೇಳುತ್ತಾರೆ. ಅವಧಾನಿ ಎಲ್ಲವನ್ನೂ ಮನಸ್ಸಿನಲ್ಲಿ ಧರಿಸಿ ಕೊನೆಗೆ ಒಪ್ಪಿಸಬೇಕು. ಇಲ್ಲಿ ಒಳಗಿನ ಸಾಮರ್ಥ್ಯವನ್ನು ಸಭೆಯ ಮುಂದೆಯೇ ಪರೀಕ್ಷಿಸಬಹುದು. ಎಡವಿದರೆ ಎಲ್ಲರಿಗೂ ತಿಳಿಯುತ್ತದೆ. ಧಾರಣೆಯ ಫಲ ಪದ್ಯವಾಗಿ ಬರುತ್ತದೆಯೇ ಹೊರತು ಯಾರ ಮೇಲೂ ಪ್ರಯೋಗವಾಗುವುದಿಲ್ಲ.

ಗೆರೆ ಅಳಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ಈ ನಗರದಿಂದ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿದರೆ ಬೀದರ ಜಿಲ್ಲೆ. ಅಲ್ಲಮನ ಶೂನ್ಯಪೀಠದ ನೆನಪನ್ನು ಹೊತ್ತ ಬಸವಕಲ್ಯಾಣ ಇರುವುದು ಅಲ್ಲಿಯೇ. ಈ ಸೀಮೆಯೆಲ್ಲ ‘ಬಾನಾಮತಿ’ ಎಂಬ ಭಯದ ಸೀಮೆಯೂ ಹೌದು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿ, ಹಳೆಯ ಹೈದರಾಬಾದ್ ಸಂಸ್ಥಾನ ಮೂರು ಭಾಷೆಗಳಿಗೆ ಹಂಚಿಹೋಯಿತು. ಆದರೆ ಈ ಮಾತು ಮಾತ್ರ ಗಡಿಯನ್ನು ಲೆಕ್ಕಿಸದೆ ಕನ್ನಡ, ತೆಲುಗು, ಮರಾಠಿ ಮೂರರಲ್ಲಿಯೂ ಉಳಿದಿದೆ. ಮನೆಯಲ್ಲಿ ಬಟ್ಟೆ ಹರಿಯುವುದು, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು, ಮೈಮೇಲೆ ಬರೆ ಕಾಣಿಸುವುದು ಇವೆಲ್ಲ ಯಾರೋ ಮಾಡಿಸಿದ್ದೆಂದು ಜನ ತೀರ್ಮಾನಿಸುತ್ತಾರೆ. ಆ ‘ಯಾರೋ’ ಎಂಬ ಖಾಲಿ ಜಾಗಕ್ಕೆ ಊರಿನ ಒಂದು ಹೆಸರು ಬಂದು ಕೂರುತ್ತದೆ. ಅದು ಎಷ್ಟೋ ಸಲ ಒಂಟಿ ವಿಧವೆಯದು, ಜಮೀನಿನ ತಕರಾರು ಇರುವ ಮುದುಕನದು, ದಲಿತರದು. ಆರೋಪಕ್ಕೆ ಸಿಕ್ಕವರನ್ನು ಹೊಡೆದು ಕೊಂದ, ಸುಟ್ಟ ಪ್ರಕರಣಗಳು ತೆಲಂಗಾಣದ ಹಳ್ಳಿಗಳಿಂದ ಮತ್ತೆ ಮತ್ತೆ ವರದಿಯಾಗಿವೆ. ಮಂತ್ರ ಉಚ್ಚರಿಸಬಾರದೆಂದು ಹಲ್ಲು ಕಿತ್ತ ಕ್ರೌರ್ಯವೂ ಅವುಗಳಲ್ಲಿದೆ.

ಈ ಹಲ್ಲು ಕೀಳುವ ಕ್ರಿಯೆಯಲ್ಲಿ ಅಡಗಿರುವ ತರ್ಕವನ್ನು ಗಮನಿಸಬೇಕು. ಬಾಯಿಂದ ಹೊರಟ ಮಾತು, ಮನಸ್ಸಿನ ಸಂಕಲ್ಪ, ಇವು ಯಾವ ಮಾಧ್ಯಮವೂ ಇಲ್ಲದೆ ಇನ್ನೊಬ್ಬರನ್ನು ಕೆಡವಬಲ್ಲವು ಎಂಬುದೇ ಆ ತರ್ಕ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಬಾನಾಮತಿಯನ್ನು ಮನೋವೈದ್ಯಕೀಯದ ದೃಷ್ಟಿಯಿಂದ ಪರಿಶೀಲಿಸಿ, ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ಬೊಗಳುವ ಹುಡುಗಿಯ ನೋವು ಸುಳ್ಳಲ್ಲ; ಹೇಳಿಕೊಳ್ಳಲು ದಾರಿಯಿಲ್ಲದ ಸಂಕಟ ಮೈಯಲ್ಲಿ ಹೀಗೆ ಹೊರಬೀಳುತ್ತದೆ. ಕಾರಣ ಅವಳ ಬದುಕಿನಲ್ಲಿದೆ, ನೆರೆಮನೆಯ ಮುದುಕಿಯ ನಾಲಗೆಯಲ್ಲಿಲ್ಲ. ಮನಸ್ಸು ತನ್ನದೇ ದೇಹದ ಮೇಲೆ ಎಷ್ಟು ಬಲವಾಗಿ ಕೆಲಸ ಮಾಡಬಲ್ಲದು ಎಂಬುದಕ್ಕೆ ಸಾಧಕನ ಏಕಾಗ್ರತೆ ಒಂದು ಸಾಕ್ಷಿಯಾದರೆ, ಈ ಹುಡುಗಿಯ ಬೊಗಳು ಇನ್ನೊಂದು ಸಾಕ್ಷಿ. ಎರಡೂ ಅವರವರ ಚರ್ಮದ ಒಳಗೇ ನಿಲ್ಲುತ್ತವೆ.

ಕರ್ನಾಟಕವು ಅಮಾನವೀಯ ಆಚರಣೆ ಮತ್ತು ವಾಮಾಚಾರಗಳ ವಿರುದ್ಧ 2017ರಲ್ಲಿ ಕಾಯಿದೆ ರೂಪಿಸಿತು. ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಮಹಾರಾಷ್ಟ್ರದ ಕಾಯಿದೆ ಬಂದದ್ದು 2013ರಲ್ಲಿ, ಅದಕ್ಕಾಗಿ ಹೋರಾಡಿದ ನರೇಂದ್ರ ದಾಭೋಲ್ಕರರ ಕೊಲೆಯ ಬೆನ್ನಿಗೆ. ಕಾಯಿದೆ ಅಪರಾಧವನ್ನು ಶಿಕ್ಷಿಸಬಲ್ಲದು. ನಂಬಿಕೆಯ ಬೇರನ್ನು ಮುಟ್ಟುವುದು ಓದುಬರಹ ಬಲ್ಲವರ ಹೊಣೆ.

ಕಾಚಿಗೂಡದ ಸಾಹಿತ್ಯ ಮಂದಿರದಲ್ಲಿ ಸೇರುವ ನಮ್ಮಂಥವರ ಮನೆಯ ಮಕ್ಕಳು ಗಚ್ಚಿಬೌಲಿಯ ಕಛೇರಿಗಳಲ್ಲಿ ದುಡಿದು ಬಂದು, ದಣಿದ ಮನಸ್ಸಿಗೆ ಧ್ಯಾನವನ್ನೋ ಮನೋಚಿತ್ರಣವನ್ನೋ ಕಲಿಯಲು ಹೊರಟರೆ ಅದರಲ್ಲಿ ತಪ್ಪಿಲ್ಲ. ಮೇಣದಬತ್ತಿಯ ಮುಂದೆ ಕುಳಿತು ಕಲಿಯಲಿ, ಇಷ್ಟಲಿಂಗದ ಮುಂದೆ ಕುಳಿತು ಕಲಿಯಲಿ, ನೋಟ ನಿಲ್ಲುವುದು ಒಳ್ಳೆಯದೇ. ನಗರದಲ್ಲಿ ‘ನಾನು ಮಾಟಗಾತಿ’ ಎಂದು ವಿನೋದಕ್ಕೆ ಹೇಳಿಕೊಂಡರೂ ಯಾರೂ ಕಲ್ಲೆಸೆಯುವುದಿಲ್ಲ. ಅದೇ ಮಾತನ್ನು ಹೆದ್ದಾರಿಯ ಆಚೆಯ ಹಳ್ಳಿಯಲ್ಲಿ ಇನ್ನೊಬ್ಬರು ತನ್ನ ಮೇಲೆ ಹೊರಿಸಿದಾಗ ಹೆಂಗಸೊಬ್ಬಳು ಜೀವ ಉಳಿಸಿಕೊಳ್ಳಲು ಓಡಬೇಕಾಗುತ್ತದೆ. ಒಂದೇ ಪದಕ್ಕಿರುವ ಈ ಎರಡು ಬೆಲೆಗಳನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು. ಮನಸ್ಸಿನ ಬಲವನ್ನು ಹೊಗಳುವಾಗಲೆಲ್ಲ ಅದರ ಎಲ್ಲೆಯನ್ನೂ ಜೊತೆಯಲ್ಲಿಯೇ ಹೇಳುವುದನ್ನು ನಾವು ರೂಢಿಸಿಕೊಳ್ಳಬೇಕು.