ಹೂಳು ತೆಗೆದರೆ ಸಾಲದು, ನೀರುಗಂಟಿ ಬೇಕು

ವಿಜಯನಗರ ಕಾಲದ ಹೆಸರು ಹೊತ್ತ ಮಾಧವಮಂತ್ರಿ ಕಾಲುವೆ ಇವತ್ತೂ ನರಸೀಪುರದ ಕಡೆ ಗದ್ದೆಗೆ ಕಾವೇರಿ ನೀರು ಕೊಡ್ತಿದೆ. ಅಲ್ಲಿ ನೀರು ಬಿಡೋಕೆ, ನಿಲ್ಲಿಸೋಕೆ ಆಳಿದ್ದಾರೆ. ನಂಜನಗೂಡಿನ ಮೇಲು ಹೊಲದ ನಮಗೆ ನಾಲೆ ಇಲ್ಲ, ಮಳೆ ಬಿಟ್ರೆ ಕೆರೆಯೇ ಗತಿ.

ಹಿಂದೆ ಕೆರೆ ತೂಬು ಎತ್ತೋದು, ಸರದಿ ಪ್ರಕಾರ ನೀರು ಹಾಯಿಸೋದು ನೀರುಗಂಟಿ ಕೆಲಸ. ಸುಗ್ಗಿ ಕಣದಲ್ಲಿ ಊರವರೇ ಅವನಿಗೆ ಧಾನ್ಯ ಅಳೀತಿದ್ರು. ಬೋರ್‌ವೆಲ್ ಬಂದ್ಮೇಲೆ ನಮ್ಮೂರಲ್ಲಿ ಆ ಅಳತೆ ನಿಂತುಹೋಯ್ತು.

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗದಂಥ ಬರದ ಜಿಲ್ಲೆಗಳಲ್ಲಿ ಜಲ ಸಂವರ್ಧನೆ ಯೋಜನೆ ಬಂತು. ಕೆರೆ ಬಳಕೆದಾರರ ಸಂಘ ಕಟ್ಟಿಸಿ, ದುರಸ್ತಿ ಮಾಡಿ, ಉಸ್ತುವಾರಿ ಸಂಘಕ್ಕೇ ವಹಿಸೋದು ಅದರ ದಾರಿ. ರೈತರೂ ಒಂದು ಪಾಲು ಹಾಕಬೇಕಿತ್ತು.

ನಮ್ಮೂರಲ್ಲಿ ಬೇರೊಂದು ಯೋಜನೆಯಲ್ಲಿ ಹೂಳು ತೆಗೆದರು. ಗೋಡುಮಣ್ಣನ್ನ ಟ್ರ್ಯಾಕ್ಟರ್‌ಗಟ್ಟಲೆ ಹೊಲಕ್ಕೆ ಹೊಡ್ಕೊಂಡ್ವಿ. ಸಂಘ ಕಟ್ಟಲಿಲ್ಲ, ಕೆರೆ ನೋಡ್ಕೊಳ್ಳೋಕೆ ಯಾರನ್ನೂ ಇಡಲಿಲ್ಲ. ಮೂರನೇ ಮಳೆಗಾಲಕ್ಕೆ ಕೆರೆಗೆ ನೀರು ತರೋ ಕಾಲುವೆಯೇ ಮುಚ್ಚಿತ್ತು. ಒತ್ತುವರಿ ಮಾಡಿದವರಲ್ಲಿ ನಾನೂ ಒಬ್ಬ. ಎರಡು ಸಾಲು ಜೋಳ ಹೆಚ್ಚಿಗೆ ಬಿತ್ತಿದ್ದೆ.

ಈ ಸಲ ನನ್ನ ಸಾಲು ನಾನೇ ಮೊದಲು ಕೀಳ್ತೀನಿ. ಮಿಕ್ಕವರೂ ಬಿಡಿಸಿ. ಆಮೇಲೆ ಕೂತು, ನೀರುಗಂಟಿಗೆ ಮನೆಗೆಷ್ಟು ಅಂತ ಮಾತಾಡೋಣ.