ಬೋರ್ಡಿನಲ್ಲಿ ಏನು ಬರೆಸುವುದು?

ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆಗಾಗಿ ಹೆಸರು ಬರೆಸಿ ಕಾಯುವವರಲ್ಲಿ ಎಷ್ಟು ಜನರಿಗೆ ಎಂ.ಟಿ.ಆರ್. ಹೋಟೆಲಿನ ಮೊದಲ ಹೆಸರು ಗೊತ್ತಿದೆಯೋ ಕಾಣೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಅದನ್ನು ತೆರೆದಾಗ ಇಟ್ಟ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಅದನ್ನು ಇವತ್ತಿನ ಕಣ್ಣಿಂದ ನೋಡಿ ಬೆಚ್ಚಬೇಕಾಗಿಲ್ಲ. ಆಗಿನ ಕಾಲಕ್ಕೆ ಅದು ವ್ಯಾಪಾರದ ಲೆಕ್ಕಾಚಾರ. ಹೋಟೆಲಿಗೆ ಕಾಲಿಡುವ ಮೊದಲು ಗಿರಾಕಿ ಕೇಳುತ್ತಿದ್ದದ್ದು ಏನು ಸಿಗುತ್ತದೆ ಎಂದಲ್ಲ, ಮಾಡಿದವರು ಯಾರು ಎಂದು. ಬೋರ್ಡು ಬೀದಿಯಲ್ಲೇ ಉತ್ತರ ಕೊಟ್ಟುಬಿಡುತ್ತಿತ್ತು.

ಈ ಪ್ರಶ್ನೆಯನ್ನು ಬೀದಿಗೆ ತಂದದ್ದು ರೈಲು. ಬೆಂಗಳೂರು–ಹರಿಹರ ಮಾರ್ಗ 1889ರ ಹೊತ್ತಿಗೆ ಅರಸೀಕೆರೆಯನ್ನು ಹಾದುಹೋಗಿತ್ತು. ಅದಕ್ಕೂ ಮೊದಲು ದೂರ ಹೋಗುವವರು ಬುತ್ತಿ ಕಟ್ಟಿಕೊಂಡು, ಛತ್ರದಲ್ಲೋ ನೆಂಟರ ಮನೆಯಲ್ಲೋ ತಂಗುತ್ತಿದ್ದರು. ರೈಲು ಬಂದ ಮೇಲೆ ಮನೆಯಿಂದ ದೂರ, ಅಪರಿಚಿತರ ನಡುವೆ, ಗಂಟೆ ನೋಡಿಕೊಂಡು ಉಣ್ಣಬೇಕಾದ ಜನ ಹುಟ್ಟಿಕೊಂಡರು. ಹೊಸ ಪೇಟೆಗಳ ಗುಮಾಸ್ತರು, ವಕೀಲರು, ಓದುವ ಹುಡುಗರು. ಸ್ಟೇಷನ್ನುಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಕೊಡವೇ ಬೇರೆಯಾಗಿದ್ದ ಕಾಲದಲ್ಲಿ ಬೇಯಿಸಿದ ಅನ್ನದ ಬಗ್ಗೆ ಹೇಳುವುದೇ ಬೇಡ.

ಆದ್ದರಿಂದ ಹೋಟೆಲಿಗೆ ಬೇಕಾದ ಅಸಲು ಬಂಡವಾಳ ದುಡ್ಡಾಗಿರಲಿಲ್ಲ, ಅಡುಗೆ ಭಟ್ಟರು. ಅವರು ಇದ್ದದ್ದು ಕರಾವಳಿಯಲ್ಲಿ. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳಲ್ಲಿ ಸಾವಿರಾರು ಎಲೆಗೆ ಬಡಿಸುವ ರೂಢಿಯಿತ್ತು; ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾಗುವಾಗಿನ ಊಟವಂತೂ ಇನ್ನೂ ದೊಡ್ಡದು. ಗದ್ದೆಯಿಂದ ಹೊಟ್ಟೆ ತುಂಬದ ಮನೆಗಳ ಹುಡುಗರು ಘಟ್ಟ ಹತ್ತಿದರು. ಮೊದಲು ಟೇಬಲ್ ಒರೆಸುವುದು, ರುಬ್ಬುವುದು, ಆಮೇಲೆ ಸಪ್ಲೈ, ಆಮೇಲೆ ಗಲ್ಲಾ, ಅದೃಷ್ಟವಿದ್ದರೆ ಸ್ವಂತದ್ದು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಡಂದಲೆಯ ಕೃಷ್ಣರಾಯರೂ ಬೇರೆಯವರ ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಇವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ ವಯಸ್ಸಿನ, ಅಷ್ಟೇ ಬಡವನಾದ ಹೊಲಗೇರಿಯ ಹುಡುಗನಿಗೆ ಆ ಏಣಿಯ ಕೆಳಗಿನ ಮೆಟ್ಟಿಲೂ ಇರಲಿಲ್ಲ. ಅವನು ಲೋಟ ತೊಳೆಯುವಂತೆಯೂ ಇರಲಿಲ್ಲ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಎಂದು ಹೆಸರು ಹಿಡಿದೇ ಹೇಳಿತು: ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು. ಈ ನಡುವೆ, 1951ರಲ್ಲಿ, ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವುದು, ಶಿಸ್ತು, ನೈರ್ಮಲ್ಯ ಇವೆಲ್ಲ ಆ ಹೋಟೆಲಿನ ಗುರುತಾದವು. ಹೆಸರೂ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ‘ಮಡಿ’ ಇದ್ದ ಜಾಗಕ್ಕೆ ‘ಶುಚಿ’ ಬಂದು ಕೂತದ್ದು ಹೀಗೆ ಎಂದು ನನಗನ್ನಿಸುತ್ತದೆ. ಶುಚಿಯನ್ನು ಯಾರು ಬೇಕಾದರೂ ಕಲಿಯಬಹುದು. ಈ ವ್ಯತ್ಯಾಸ ಸಣ್ಣದಲ್ಲ. ಎಲ್ಲ ಕಡೆ ಅದು ಅಷ್ಟು ಸದ್ದಿಲ್ಲದೆ ಆಗಲಿಲ್ಲ. ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಬೋರ್ಡಿನಿಂದ ‘ಬ್ರಾಹ್ಮಣ’ ಎಂಬ ಪದ ತೆಗೆಯಬೇಕೆಂದು 1957ರಲ್ಲಿ ಪೆರಿಯಾರರ ಅನುಯಾಯಿಗಳು ತಿಂಗಳುಗಟ್ಟಲೆ ಪಿಕೆಟಿಂಗ್ ಮಾಡಿ ಜೈಲಿಗೆ ಹೋಗಬೇಕಾಯಿತು.

ಪದ ಹೋಯಿತು, ಸೂಚನೆ ಉಳಿಯಿತು. ಅದರ ಅರ್ಧ ಭಾರವನ್ನು ‘ಉಡುಪಿ’ ಎಂಬ ಊರಿನ ಹೆಸರು ಹೊತ್ತುಕೊಂಡಿತು. ಇದನ್ನು ಪೂರ್ತಿ ಜಾತಿಯ ಕತೆ ಎಂದರೂ ತಪ್ಪಾಗುತ್ತದೆ. ಬಂಟರು, ಬಿಲ್ಲವರು, ಕೊಂಕಣಿಗರು ಎಲ್ಲರೂ ಆ ಹೆಸರಿನಡಿ ಹೋಟೆಲು ನಡೆಸಿ ಅದನ್ನು ಹಿಗ್ಗಿಸಿದ್ದಾರೆ. ಮಾಂಸದೂಟದ ಕಡೆ ಬಂದರೆ ‘ಹಿಂದೂ ಮಿಲಿಟರಿ ಹೋಟೆಲ್’. ಅಲ್ಲೂ ಮೊದಲ ಪದ ಕೋಳಿಯ ಬಗ್ಗೆ ಹೇಳುತ್ತಿರಲಿಲ್ಲ, ಕೊಯ್ದವರ ಬಗ್ಗೆ ಹೇಳುತ್ತಿತ್ತು.

ಇಷ್ಟೆಲ್ಲ ಬರೆಯುವುದಕ್ಕೆ ಪಿಎಚ್.ಡಿ. ಒಂದೇ ಕಾರಣವಲ್ಲ. ನಮ್ಮದು ಜಾವಗಲ್ ಹೋಬಳಿ. ನಮ್ಮ ತಾತ ಹೋಟೆಲಿನ ಹೊರಗೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಹುಯ್ಯಿಸಿಕೊಂಡವರು. ಅರಸೀಕೆರೆ ಸೀಮೆಯಲ್ಲಿ ಚಿಪ್ಪಿಗೇನು ಬರ? ಈಗ ಚಿಕ್ಕಪ್ಪನ ಮಗ, ಹತ್ತು ವರ್ಷ ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಹುಯ್ದು ಬಂದವನು, ಜಾವಗಲ್‌ನಲ್ಲೇ ಹೋಟೆಲು ಇಡಲು ಹೊರಟಿದ್ದಾನೆ. ಜಾಗ ಚೆನ್ನಾಗಿದೆ. ಹಳೇಬೀಡು–ಬಾಣಾವರ ರಸ್ತೆ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಬರುವವರು, ದರ್ಗಾಕ್ಕೆ ಬರುವವರು, ಕೊಬ್ಬರಿ ಸಾಗಿಸುವ ಗಾಡಿಯವರು. ಅವನ ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ: ಅಡ್ವಾನ್ಸು, ಬಾಡಿಗೆ, ಗ್ರೈಂಡರು, ಹೆಂಚು, ಸಿಲಿಂಡರು, ಪಂಚಾಯಿತಿ ಲೈಸೆನ್ಸು. ಬೋರ್ಡು ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ.

“ಅಣ್ಣ, ನೀನು ಇದನ್ನೇ ಓದ್ತಿರೋನಲ್ವಾ? ಉಡುಪಿ ಅಂತ ಹಾಕ್ಸಿಬಿಡ್ಲಾ?”

ಹಾಕಿಸಬಾರದೆಂದೇನಿಲ್ಲ, ಹಾಕಿದವರೆಲ್ಲ ಉಡುಪಿಯವರೂ ಅಲ್ಲ. ಆದರೆ ಸುತ್ತಲಿನ ಹಳ್ಳಿಯವರಿಗೆ ಅವನು ಯಾರ ಮಗ ಅಂತ ಗೊತ್ತು. ಹೊರಗಿನ ಗಿರಾಕಿ ಬೋರ್ಡು ಓದಿ ಬರುತ್ತಾನೆ, ಊರಿನ ಗಿರಾಕಿ ಗಲ್ಲಾದಲ್ಲಿ ಕೂತವನ ಮುಖ ನೋಡಿ ಬರುತ್ತಾನೆ, ಇಲ್ಲವೇ ಬರುವುದಿಲ್ಲ. 1955ರ ಕಾಯ್ದೆ ಬಾಗಿಲಲ್ಲಿ ತಡೆಯುವ ಮಾಲೀಕನನ್ನು ಹಿಡಿಯುತ್ತದೆ. ಒಳಗೆ ಬಾರದೆ ಮುಂದಿನ ಹೋಟೆಲಿಗೆ ನಡೆದುಹೋಗುವ ಗಿರಾಕಿಯನ್ನು ಹಿಡಿಯುವ ಕಾಯ್ದೆ ಇಲ್ಲ, ಇರುವುದೂ ಸಾಧ್ಯವಿಲ್ಲ.

ಇದನ್ನು ಅವನಿಗೆ ನಾನು ವಿವರಿಸಬೇಕಾಗಲಿಲ್ಲ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ‘ಜನ ಬರೋವರೆಗೂ’ ಎಂದು ಬರೆದು ಆರು ತಿಂಗಳ ಬಾಡಿಗೆಯನ್ನು ಬೇರೆಯಾಗಿ ತೆಗೆದಿಟ್ಟಿದ್ದಾನೆ. ಬೋರ್ಡಿನ ಜಾಗದಲ್ಲಿ ಈಗ ತಾತನ ಹೆಸರಿದೆ.