ಬಸಳೆಯ ಶಾಸ್ತ್ರನಾಮ

ಹಿತ್ತಲ ಚಪ್ಪರಕ್ಕೆ ಹಬ್ಬುವ ಬಸಳೆಯನ್ನು ಅರಿಯದ ಕನ್ನಡಿಗರು ವಿರಳ. ಈ ಬಳ್ಳಿಯನ್ನು ಲೋಕದ ಸಸ್ಯಶಾಸ್ತ್ರಜ್ಞರು ಬಸೆಲ್ಲ ಆಲ್ಬ ಎನ್ನುತ್ತಾರೆ. ಎರಡನೆಯ ಪದ ಲ್ಯಾಟಿನ್; ‘ಬಿಳಿಯದು’ ಎಂದು ಅದರ ಅರ್ಥ. ಮೊದಲನೆಯದಾದರೋ ನೆರೆಯ ಮಲಬಾರಿನ ಮಾತು, ನಮ್ಮ ಬಸಳೆಯ ಒಡಹುಟ್ಟು. ಅದು ಲ್ಯಾಟಿನ್ ಪಂಕ್ತಿಯಲ್ಲಿ ಕುಳಿತ ಬಗೆಯನ್ನು ನಾವು ವಿಚಾರಿಸೋಣ.

ಕ್ರಿ.ಶ. 17ನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನು ಆ ಸೀಮೆಯ ಗಿಡಮರಗಳನ್ನು ಕುರಿತು ಒಂದು ಮಹಾಗ್ರಂಥವನ್ನು ಮಾಡಿಸಿದನು. ‘ಹೋರ್ಟಸ್ ಮಲಬಾರಿಕಸ್’ ಎಂಬ ಅದರ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದುವು. ಹೆಸರನ್ನೂ ಗುಣವನ್ನೂ ತಿಳಿಸಿದವರಲ್ಲಿ ಮುಖ್ಯರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು. ಅವರೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ಬ್ರಾಹ್ಮಣರು. 1675ರಲ್ಲಿ ಇವರು ಸ್ವಹಸ್ತದಿಂದ ಬರೆದುಕೊಟ್ಟ ಪ್ರಮಾಣಪತ್ರಗಳು ಗ್ರಂಥದಲ್ಲಿಯೇ ಮುದ್ರಿತವಾಗಿವೆ.

ಆ ಕಾಲದ ಯೂರೋಪಿನಲ್ಲಿ ಗಿಡದ ಹೆಸರೆಂದರೆ ಕಾಂಡ, ಎಲೆ, ಹೂವುಗಳ ವರ್ಣನೆಯೇ ಆಗಿದ್ದಿತು. ಹೊಸ ಗಿಡ ದೊರೆತಂತೆಲ್ಲ ವರ್ಣನೆಯೂ ಉದ್ದವಾಗುತ್ತಿತ್ತು. ಒಬ್ಬರ ಹೆಸರು ಮತ್ತೊಬ್ಬರಿಗೆ ಹೊಂದುತ್ತಿರಲಿಲ್ಲ. ಸ್ವೀಡನ್ನಿನ ಲಿನ್ನೇಯಸನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಯೊಂದಕ್ಕೂ ಎರಡೇ ಪದ ಸಾಕೆಂದನು: ಒಂದು ಜಾತಿಗೆ, ಇನ್ನೊಂದು ಪ್ರಭೇದಕ್ಕೆ. ಮನೆತನದ ಹೆಸರೊಡನೆ ಅಂಕಿತನಾಮ ಸೇರಿದಂತೆ! ಇಂಡಿಯವನ್ನು ಕಾಣದಿದ್ದ ಆತನಿಗೆ ಮಲಬಾರಿನ ಗಿಡಗಳಿಗೆ ವಾನ್ ರೀಡನ ಗ್ರಂಥವೇ ದೊಡ್ಡ ಆಧಾರ. ಬಸೆಲ್ಲವೆಂಬ ಹೆಸರು ಹೀಗೆ ಉಳಿಯಿತು.

ಆದರೆ ಆತನು ಕೆಂಪು ದಂಟಿನದನ್ನು ಬಸೆಲ್ಲ ರುಬ್ರ ಎಂದೂ ಇನ್ನೊಂದನ್ನು ಆಲ್ಬ ಎಂದೂ ಎರಡು ಪ್ರಭೇದಗಳಾಗಿ ಬರೆದನು. ಮುಂದಿನವರು ಇವೆರಡೂ ಒಂದೇ ಎಂದು ನಿರ್ಣಯಿಸಿ ಆಲ್ಬವನ್ನು ಉಳಿಸಿಕೊಂಡರು. ಆದುದರಿಂದ ಇಂದು ಕೆಂಪು ಬಸಳೆಯೂ ಶಾಸ್ತ್ರದಲ್ಲಿ ‘ಬಿಳಿಯದು’! ಹೆಸರು ಗುರುತಿಗೆ ಮಾತ್ರ, ವರ್ಣನೆಗಲ್ಲವೆಂಬ ನಿಯಮಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕೆ? ಈ ಜಾತಿಯ ಹೆಸರಿನಿಂದಲೇ ಬಸೆಲ್ಲೇಸೀ ಎಂಬ ಕುಟುಂಬವೂ ಏರ್ಪಟ್ಟಿತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತವಾಸಿಗಳು ಉಣ್ಣುವ ಉಲ್ಲುಕೊ ಗೆಡ್ಡೆ ಆ ಕುಟುಂಬದ್ದೇ.

ಶಾಸ್ತ್ರಜ್ಞರು ಬಸೆಲ್ಲ ಆಲ್ಬದ ಮುಂದೆ ‘ಎಲ್’ ಎಂಬ ಅಕ್ಷರವನ್ನು ಬರೆಯುವರು. ಅದು ಲಿನ್ನೇಯಸನ ಗುರುತು. ಕ್ರಮಬದ್ಧವಾಗಿ ಪ್ರಕಟಿಸಿದವನಿಗೇ ಆ ಗೌರವ. ವ್ಯವಸ್ಥೆಗೆ ಇದು ಅಗತ್ಯವೆಂದು ನಾವು ಒಪ್ಪುತ್ತೇವೆ. ಹೇಳಿಕೊಟ್ಟ ವೈದ್ಯರಿಗೆ ಅಲ್ಲಿ ಒಂದಕ್ಷರದ ಎಡೆಯೂ ಇಲ್ಲವೆಂಬುದು ಮಾತ್ರ ಮನಸ್ಸಿಗೆ ಒಗ್ಗದು. 19ನೆಯ ಶತಮಾನದಲ್ಲಿ ಬ್ಲೂಮ್ ಎಂಬ ವಿದ್ವಾಂಸನು ಅಚ್ಯುತನ್ನರ ನೆನಪಿಗಾಗಿ ಒಂದು ಜಾತಿಗೆ ಅಚುಡೆಮಿಯ ಎಂದು ಹೆಸರಿಟ್ಟನು. ಆತನು ಅದಕ್ಕೆ ಆರಿಸಿಕೊಂಡುದು ಮಲಬಾರಿನ ಗಿಡವನ್ನಲ್ಲ, ಜಾವಾ ದ್ವೀಪದ್ದನ್ನು.